ಎನಿಡ್‌ಳ ಬಿಳಿ ಕರವಸ್ತ್ರ

ನಮ್ಮ ಕಮಿನ್ಸ್ ಊರಿನ ಎನಿಡ್ ಮೂವತ್ತು ವರ್ಷ ಪ್ರಯೋಗದ ಹೊಲಗಳಲ್ಲಿ ಗೋಧಿಯ ತುಕ್ಕುರೋಗ ಪರೀಕ್ಷಿಸಿದವಳು. ಜೇಬಿನಲ್ಲಿ ಸದಾ ಒಂದು ಬಿಳಿ ಕರವಸ್ತ್ರ. ಅದರಲ್ಲಿ ಅವಳು ಮೂಗು ಒರೆಸಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.

ಒಂದು ಸೆಪ್ಟೆಂಬರಿನಲ್ಲಿ, ಗೋಧಿ ಇನ್ನೂ ಹಸಿರಾಗಿದ್ದಾಗ, ಪಕ್ಕದ ಹೊಲದ ಕ್ಲೆಮ್ ಏದುಸಿರು ಬಿಡುತ್ತ ಓಡಿಬಂದ.

"ಎನಿಡ್, ನನ್ನ ಗೋಧಿ ಹೋಯ್ತು! ಎಲೆ ತುಂಬ ಚುಕ್ಕೆ. ಔಷಧಿ ಹೊಡೆಯೋ ಗಾಡಿಗೆ ಹೇಳಿಬಿಟ್ಟೆ."

"ಕೂಗಬೇಡ, ನನಗಿನ್ನೂ ಕಿವಿ ಕೇಳ್ಸುತ್ತೆ," ಎಂದು ಗದರಿ ಅವಳು ಹೊಲಕ್ಕೆ ನಡೆದಳು. ನಾನೂ ಹಿಂದೆ ಹೋದೆ. ಚುಕ್ಕೆಯ ಎಲೆಯೊಂದನ್ನು ಕರವಸ್ತ್ರದಿಂದ ಗಟ್ಟಿಯಾಗಿ ತಿಕ್ಕಿದಳು. ಬಟ್ಟೆ ಬೆಳ್ಳಗೇ ಉಳಿಯಿತು.

"ರೋಗ ಬೆಳೆದಿದ್ರೆ ಕೆಂಪು ಪುಡಿ ಅಂಟ್ತಿತ್ತು. ತುಕ್ಕಿನ ಶಿಲೀಂಧ್ರ ನುಗ್ಗಿದ್ದು ಗಿಡಕ್ಕೆ ಗೊತ್ತಾಗಿದೆ ಮಾರಾಯ. ಅದು ಹೊಕ್ಕ ಜಾಗನ ಗಿಡ ತಾನೇ ಸಾಯಿಸಿಕೊಂಡಿದೆ. ತಿನ್ನೋಕೆ ಏನೂ ಸಿಗದೆ ಶಿಲೀಂಧ್ರ ಅಲ್ಲೇ ಸತ್ತಿದೆ. ಈ ಚುಕ್ಕೆ ಗಿಡ ಗೆದ್ದ ಗುರುತು."

ಕ್ಲೆಮ್ ಉಸ್ಸೆಂದು ನೆಲದ ಮೇಲೆ ಕೂತ. ಅವಳ ಕೈಯಿಂದ ಕರವಸ್ತ್ರ ಕಿತ್ತುಕೊಂಡು ಮುಖದ ಬೆವರು ಒರೆಸಿಕೊಂಡ. ದಾರಿಯ ಧೂಳಿಗೆ ಬಟ್ಟೆ ಕೆಂಪಾಯಿತು.

ಎನಿಡ್ ಅದನ್ನು ಬಿಡಿಸಿ ನೋಡಿದಳು.

"ಗೋಧಿಗೇನೂ ಆಗಿಲ್ಲ. ಕೆಂಪು ಪುಡಿ ಅಂಟಿದ್ದು ನಿನ್ನಿಂದ. ಗಾಡಿ ಬಂದ್ರೆ ನೀನೇ ಮುಂದೆ ನಿಂತು ಔಷಧಿ ಹೊಡೆಸ್ಕೋ."