ಕಲಾಯಿ ಅಬ್ಬಾಸ್ ಸಾಹೇಬರ ಮೂರು ಮಾರ್ಕು

ಕಲಾಯಿ ಅಬ್ಬಾಸ್ ಸಾಹೇಬರು ಬೆಳ್ಳಿಯನ್ನು ಕಿವಿಯಿಂದ ನೋಡುತ್ತಿದ್ದರು. ನಾಣ್ಯವನ್ನು ಬೆರಳ ತುದಿಯಲ್ಲಿಟ್ಟು, ಉಗುರಿನಿಂದ ಚಿಮ್ಮಿ, ಕಣ್ಣು ಮುಚ್ಚಿ ಕೇಳುವರು. "ಇದ್ರಲ್ಲಿ ತಾಮ್ರ ಜಾಸ್ತಿ ಉಂಟು" ಎಂದರೆ ನರಸಿಂಹರಾಜಪುರದಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನಲ್ಲಿ ಹೈಸ್ಕೂಲು ಟೀಚರು. ಹಳೆಯ ನಾಣ್ಯ ಕೂಡಿಡುವ ಹುಚ್ಚಿತ್ತು. ಪಾತ್ರೆಗೆ ಕಲಾಯಿ ಹಾಕಿಸಲು ಹೋದವಳು ಅವರ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದೆ. ಒಮ್ಮೆ ನನ್ನ ಪಾತ್ರೆಯ ತಳದಲ್ಲಿ ಕಡಲೆಯಷ್ಟು ಜಾಗ ಬಿಟ್ಟುಹೋಗಿದ್ದು ನೆನಪಾಗಿ, ಮರುದಿನ ಪಾಠದ ನಡುವೆಯೇ ತರಗತಿಯ ಬಾಗಿಲಿಗೆ ಬಂದಿದ್ದರು. "ಅದ್ರಲ್ಲಿ ಹುಳಿ ಮಾಡ್ಬೇಡಿ ಟೀಚರಮ್ಮ. ವಾಪಸ್ ಕೊಡಿ, ಸರಿ ಮಾಡ್ತೇನೆ."

ಅಂಥವರು ಒಂದು ದಿನ ಬಟ್ಟೆಯ ಗಂಟು ಬಿಚ್ಚಿ ಜರ್ಮನಿಯ ಬೆಳ್ಳಿ ನಾಣ್ಯ ತೋರಿಸಿದರು. ಒಂದು ಬದಿ ರಾಜನ ಮುಖ, ಇನ್ನೊಂದು ಬದಿ ಹದ್ದು, ಅಲ್ಲಿನ ದುಡ್ಡಿನಲ್ಲಿ ಮೂರು ಮಾರ್ಕು. ಮೊದಲ ಮಹಾಯುದ್ಧದಲ್ಲಿ ಅವರ ಅಪ್ಪ ಜರ್ಮನಿಯಲ್ಲಿ ಸೆರೆಯಾಳಾಗಿದ್ದರಂತೆ. ಅಲ್ಲಿನ ಬಡ ಹೆಂಗಸೊಬ್ಬಳ ಪಾತ್ರೆಗೆ ಕಲಾಯಿ ಹಾಕಿದ್ದಕ್ಕೆ ಅವಳು ಕೊಟ್ಟದ್ದಂತೆ.

"ಇದೆಂಥದು ಅಂತ ಸ್ವಲ್ಪ ವಿಚಾರಿಸಿ."

ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ಬರೆದೆ. ಬಹಳ ಅಪರೂಪದ ನಾಣ್ಯ, ಮುದ್ರಿಸಿದ್ದೇ ಕೆಲವು, ಬಿಡಬೇಡಿ ಎಂದು ಉತ್ತರ ಬಂತು. ಸಾಹೇಬರು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಮಾಮೂಲಿ ನಾಣ್ಯವಂತೆ ಸಾಹೇಬ್ರೆ."

ಅವರ ಮುಖ ಅರಳಿತು. "ಹಾಗಾದ್ರೆ ನೀವೇ ಇಟ್ಕೊಳ್ಳಿ. ಇಂಥದ್ರ ಮೇಲೆ ನಿಮಗೆ ಆಸೆ ಉಂಟಲ್ಲ."

ಇಟ್ಟುಕೊಂಡೆ. ಆಮೇಲೆ ಅವರ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟೆ. ಕೊಪ್ಪಕ್ಕೆ ವರ್ಗವಾದಾಗ ಹೇಳಿಹೋಗಲೂ ಇಲ್ಲ.

ಎರಡು ವರ್ಷದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ನಿಜ ಹೇಳಿಬಿಡೋಣವೆಂದು ನಾಣ್ಯವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನಿಧಾನವಾಗಿ ಹೇಳಿದರು: "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಟೀಚರಮ್ಮ. ಅಷ್ಟು ಒಳ್ಳೆ ಬೆಳ್ಳಿ ಬಡವಿ ಯಾಕೆ ಕೊಡ್ತಾಳೆ, ಅಪ್ಪ ಎಲ್ಲೋ ಕದ್ದಿರ್ಬೇಕು ಅಂತ ನಂಗೆ ಸಣ್ಣವನಿದ್ದಾಗಿಂದ್ಲೂ ಅನುಮಾನ. ಮಾಮೂಲಿ ನಾಣ್ಯ ಅಂತ ನೀವು ಹೇಳಿದ್ಮೇಲೆ, ಬಡವಿ ಕೈಲೂ ಇದ್ದೀತು ಅಂತ ಅಪ್ಪನ ಮಾತು ನಂಬಿದೆ."

ನಾನು ಚೀಲದ ಬಾಯಿ ಹಿಡಿದು ಕೂತೆ. ಅವರ ಸೊಸೆ ತಂದ ಚಹಾ ಕುಡಿದು ಎದ್ದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡರು.

ನಿಜ ಹೇಳದೆಯೇ ನಾಣ್ಯವನ್ನು ಅವರ ಕೈಗಿಡಬಹುದಿತ್ತು. ಕೊಪ್ಪದ ಬಸ್ಸು ಹತ್ತಿದ ಮೇಲಷ್ಟೇ ಅದು ಹೊಳೆಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ, ಅವರ ಮಂಚದ ಪಕ್ಕದಲ್ಲಿ ಕೂತಾಗಲೇ ಹೊಳೆದಿತ್ತು.