ದಿಲ್ಲಿಯ ಪಂಚರು

ನಮ್ಮ ಓಣಿಯಲ್ಲಿ ಪಂಚಾಯಿತಿ ಕೂಡಿತೆಂದರೆ ಫಿರ್ಯಾದಿಯ ಮನೆಯ ಜಮಖಾನೆಯನ್ನೇ ಹಾಸಬೇಕು. ತೀರ್ಪು ಹೇಳಿದ ಮೇಲೆ ಅದನ್ನು ಪಂಚರು ಮಡಚುತ್ತಾರೆ. ಫಿರ್ಯಾದಿ ತಾನೇ ಮಡಚಿದರೆ ಫಿರ್ಯಾದು ಬಿಟ್ಟ ಹಾಗೆ. ದಿಲ್ಲಿಯಲ್ಲಿ ಬೇರೆ ರೂಢಿ ಇರಬಹುದೆಂದು ಕಲ್ಯಾಣದಲ್ಲಿ ಕೂತ ನಮಗೆ ಹೇಗೆ ಗೊತ್ತಾಗಬೇಕು?

ಪಕ್ಕದ ಮನೆಯ ಮುದುಕಿ ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವಳಿಗೆ ಒಬ್ಬನೇ ಮಗ. ನಿಜಾಮರ ಆಳ್ವಿಕೆ ಮುಗಿದ ಗದ್ದಲದಲ್ಲಿ ಹೆದರಿ, ಯಾರದೋ ಬೆನ್ನು ಹತ್ತಿ ಕರಾಚಿ ಸೇರಿದ್ದ. ಮರಳಿ ಬರುತ್ತೇನೆಂದರೆ ಈಗ ಪರ್ಮಿಟ್ ಸಿಗುತ್ತಿಲ್ಲ. ಹುಟ್ಟಿದ ಮನೆಗೆ ಬರಲು ಚೀಟಿ ಬೇಕಂತೆ! ನನಗೆ ಆಗಲೂ ಮೈ ಉರಿದಿತ್ತು, ಈಗಲೂ ಉರಿಯುತ್ತದೆ.

ಖಾಲಾಳನ್ನು ಕರೆದುಕೊಂಡು ಹುಮನಾಬಾದಿನ ವಕೀಲರ ಹತ್ತಿರ ಹೋದೆ. ದಿಲ್ಲಿಯಲ್ಲಿ ಕಾಯಿದೆ ಮಾಡುವ ಸಭೆಯಲ್ಲಿ ಸದಸ್ಯರದೊಂದು ಸಮಿತಿಯಿದೆ, ಪರದೇಶದ ವ್ಯವಹಾರವನ್ನು ಅದು ವಿಚಾರಿಸುತ್ತದೆ ಎಂದರು ಅವರು.

“ವಜೀರನ್ನ ಎದುರಿಗೆ ಕೂಡಿಸಿ ಕೇಳ್ತಾರೇನ್ರಿ?” ಎಂದಳು ಖಾಲಾ.

“ಕೇಳ್ತಾರ. ಆದ್ರ ಹುಕುಂ ಮಾಡಂಗಿಲ್ಲ ನೋಡವ್ವಾ. ಕೇಳೋದು, ಸಲಹಾ ಕೊಡೋದು, ಅಷ್ಟ.”

ಖಾಲಾಳ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಆ ಸಭೆಗೆ ನಮ್ಮ ಸೀಮೆಯಿಂದ ಇನ್ನೂ ಯಾರೂ ಸದಸ್ಯರಾಗಿ ಹೋಗಿರಲಿಲ್ಲ, ನಮ್ಮ ಕುರ್ಚಿಗಳು ಖಾಲಿ. ಹಾಗಾಗಿ ಸೊಲ್ಲಾಪುರದ ಕಡೆಯ ಸದಸ್ಯರೊಬ್ಬರಿಂದ ಮಾತು ಮುಟ್ಟಿಸುತ್ತೇನೆಂದರು ವಕೀಲರು. ಬಾಯಿಯೂ ಎರವಲು! ಆದರೂ ಖಾಲಾ ಊರಿಗೆ ಬಂದವಳೇ ಜಮಖಾನೆ ಒಗೆದು ಒಣಹಾಕಿದಳು. ಮಗ ಯಾರ ತಂಟೆಗೂ ಹೋದವನಲ್ಲವೆಂದು ಸಾಕ್ಷಿ ಹೇಳಲು ನನ್ನ ಅತ್ತೆಯನ್ನೂ ಬಟ್ಟೆಗೆ ಬಣ್ಣ ಹಾಕುವ ಮುದುಕನನ್ನೂ ಒಪ್ಪಿಸಿದಳು. ಮಡಿಯೆಂದು ಅವಳ ಮನೆಯ ನೀರೂ ಮುಟ್ಟದ ನನ್ನ ಅತ್ತೆ ಒಲೆಯ ಮುಂದೆ ಕೂತು ಸಾಕ್ಷಿಯನ್ನು ಬಾಯಿಪಾಠ ಮಾಡುತ್ತಿದ್ದಳು. ನಗಬೇಕೋ ಅಳಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ವಕೀಲರು ನಮ್ಮ ಓಣಿಗೆ ಬಂದರು. ಖಾಲಾ ಕಟ್ಟೆಯ ಮೇಲೆ ಜಮಖಾನೆ ಹಾಸಿದಳು. ಸಾಕ್ಷಿಗಳು ಬಂದು ಕೂತರು.

“ಸಮಿತಿ ಕೇಳ್ತಂತ,” ಎಂದರು ವಕೀಲರು. “ವಿಚಾರ ಮಾಡಾಕತ್ತೇವಿ ಅಂತ ಸರ್ಕಾರದವ್ರು ಹೇಳಿದ್ರಂತ. ಸಮಿತಿ ಮುಂದಿನ ವಿಷಯಕ್ಕ ಹೋತು.”

“ನನ್ನ ಮಗನ ಹೆಸರು ಹೇಳಿದ್ರೇನ್ರಿ?”

“ಒಬ್ಬೊಬ್ಬರ ಹೆಸರು ಅಲ್ಲಿ ಬರಂಗಿಲ್ಲವ್ವಾ. ಇಂಥಾ ಮಂದಿ ಅಂತ ಕೇಳ್ತಾರ.”

“ಸಾಕ್ಷಿ?”

“ಅಲ್ಲಿ ಸಾಕ್ಷಿ ಕೇಳೋ ರೂಢಿ ಇಲ್ಲವ್ವಾ,” ಎಂದರು ವಕೀಲರು. ಒಳ್ಳೆಯ ಮನುಷ್ಯ, ಅವರ ಮೇಲೆ ಸಿಟ್ಟಾಗಲೂ ಮನಸ್ಸು ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೇಳಿದ್ದ, ದೇವರೇ ಬಾಯಿ ಬಿಡಲಿಲ್ಲ.

ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. “ನಾ ಹೇಳ್ತೀನಿ ಕೇಳ್ರಿ, ಆ ಹುಡುಗ ಯಾರ ತಂಟೆಗೂ...”

“ಸಾಕ್ರಿ ಅಕ್ಕಾ, ಏಳ್ರಿ,” ಎಂದಳು ಖಾಲಾ.

ಎಲ್ಲರೂ ಎದ್ದರು. ಖಾಲಾ ಬಗ್ಗಿ ಜಮಖಾನೆಯ ಎರಡು ತುದಿ ಹಿಡಿದಳು. ಇನ್ನೆರಡನ್ನು ಹಿಡಿಯಲು ನನ್ನನ್ನು ಕರೆದಳು. ನಾನು ಹಿಡಿಯಲಿಲ್ಲ. ಅವಳೊಬ್ಬಳೇ ಮಡಚಿದಳು.