ಕಡ ಹೋಗುವ ಗಿನ್ನಿ
ವಿಜಾಪುರದ ಹತ್ತಿ ಅಂಗಡಿಯಲ್ಲಿ ಸಣ್ಣ ಪಗಾರದ ಕಾರಕೂನನಾದ ನಾನು ಹೆಣ್ಣು ನೋಡಲು ಹೋದಲ್ಲೆಲ್ಲ ಮೊದಲು ನೋಡಿದ್ದು ಕೊರಳನ್ನೇ; ಅರಕೇರಿಯಲ್ಲೂ ತೊರವಿಯಲ್ಲೂ, ಕೊನೆಗೆ ನನ್ನ ಹೆಂಡತಿಯಾದವಳ ತಿಕೋಟಾದ ಮನೆಯಲ್ಲೂ ಒಂದೇ ಥರದ ಬಂಗಾರದ ಗಿನ್ನಿ ಕಂಡು, ಈ ಸೀಮೆಯವರೆಲ್ಲ ಸಾಹುಕಾರರೇ ಎಂದುಕೊಂಡಿದ್ದೆ. ಗಿನ್ನಿ ಇರುವುದೇ ಒಂದು, ಅದರ ಒಡತಿ ಅತ್ತೆಯ ನೆರೆಮನೆಯ ನೀಲಾಕಾಕು ಎಂದು ತಿಳಿದದ್ದು ಮದುವೆಯಾದ ಮೇಲೆ. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಗೆ ವರನ ಕಡೆಯವರು ಬಂದರೂ ಕಾಕು ಅದನ್ನು ಅಂಟವಾಳದ ನೊರೆಯಲ್ಲಿ ತೊಳೆದು, ದಾರ ಪೋಣಿಸಿ ಕಡ ಕೊಡುತ್ತಾರೆ. ಆ ಇಂಗ್ಲಿಷ್ ನಾಣ್ಯದ ಒಂದು ಬದಿಗೆ ರಾಜ, ಇನ್ನೊಂದು ಬದಿಗೆ ಸವಾರನ ಕುದುರೆಯ ಕಾಲಡಿ ಬಿದ್ದ ರೆಕ್ಕೆಯ ಪ್ರಾಣಿ. ನಮ್ಮ ಮಾಲಕರು ಅದನ್ನು ಡ್ರ್ಯಾಗನ್ ಎನ್ನುತ್ತಾರೆ. ಕಾಕುವಿಗೆ ಅದು ಓತಿಕ್ಯಾತ. "ಓತಿಕ್ಯಾತನ ಬದಿ ಹೊರಗ ಕಾಣ್ಲಿ ಯವ್ವಾ, ದೃಷ್ಟಿ ಹತ್ತಂಗಿಲ್ಲ" ಎಂಬುದೊಂದೇ ಅವರ ಕರಾರು. ಬಂದ ಬೀಗರು "ಈ ಓತಿಕ್ಯಾತನ್ನ ಎಲ್ಲ್ಯೋ ನೋಡೀವಲ್ರಿ" ಎಂದರೆ ಕಾಕುವಿಗೆ ಅದೇ ಹೆಮ್ಮೆ. ಗಿನ್ನಿ ಮರಳಿ ತಂದವರನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ: "ಹುಡುಗ ಮಾರಿ ಎತ್ತಿ ನೋಡಿದ್ನೇನ? ಅವನವ್ವ ಉಪ್ಪಿಟ್ಟು ಎರಡನೇ ಸಲ ಹಾಕಿಸ್ಕೊಂಡ್ಳೇನ? ನಮ್ಮ ಹುಡುಗಿ ನಕ್ಕಳಿಲ್ಲೋ?" ಯುದ್ಧದಿಂದ ಬಂಗಾರದ ಬೆಲೆ ಏರಿದಾಗ, ಪೇಟೆಯ ಜಾಣತನ ತೋರಿಸಲು ಹೋಗಿ ನಾನೆಂದೆ: "ಮಾರಿಬಿಡ್ರಿ ಕಾಕು, ಇಂಥಾ ರೇಟು ಮತ್ತ ಬರಂಗಿಲ್ಲ." ಹನ್ನೊಂದನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ಯಾರೂ ಶುಭಕಾರ್ಯಕ್ಕೆ ಕರೆಯದ ಕಾಕು ದಾರಕ್ಕೆ ಗಂಟು ಹಾಕುತ್ತಲೇ ನಕ್ಕರು: "ಮಾರಿದ್ರ, ಅಳಿಯದೇವ್ರ, ಲಗ್ನದ ಮನೀಗಿ ನನ್ನ ಬದಲಿ ಯಾರು ಹೋಗ್ಬೇಕ್ರಿ?"